ಕಾಕಾ ತೋರಿಸಿದ ಮೂರು ಬಸ್‌ಸ್ಟ್ಯಾಂಡು

ನಮ್ಮ ಕಾಕಾ ನಿವೃತ್ತರಾಗಿ ಆರು ವರ್ಷವಾಯಿತು ಎಂದು ಸರಕಾರ ತಿಳಿದುಕೊಂಡಿದೆ. ಪಾಪ, ಅದಕ್ಕೆ ಯಾರು ಹೇಳಬೇಕು! ಮೂವತ್ತೊಂದು ವರ್ಷ ಸಿಂಧನೂರು–ಲಿಂಗಸುಗೂರು ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಈ ಮನುಷ್ಯನ ಹೆಗಲಿನಿಂದ ಚರ್ಮದ ಚೀಲ ಇಳಿಸಿಕೊಂಡು, ಕೊರಳಿಗೊಂದು ಹಾರ ಹಾಕಿ ಮನೆಗೆ ಕಳಿಸಿದರು, ನಿಜ. ಆದರೆ ಒಳಗಿದ್ದ ಕಂಡಕ್ಟರನ್ನು ಇಳಿಸಿಕೊಳ್ಳುವುದನ್ನು ಮರೆತರು. ಅವನು ಕಾಕಾನ ಜೊತೆಗೇ ನಮ್ಮ ಮನೆಗೆ ಬಂದುಬಿಟ್ಟ!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದರೆ "ಡೂಟಿ ಇತ್ತು" ಎನ್ನುತ್ತಾರೆ. ಸಿಂಧನೂರಿನ ನಮ್ಮ ಮನೆಯಲ್ಲೇ ಇರುತ್ತಾರೆ. ಅವರು ಬಂದಾಗಿನಿಂದ ನಮ್ಮಲ್ಲಿ ಯಾರೂ ಬಾಗಿಲಲ್ಲಿ ನಿಂತು ಮಾತಾಡುವಂತಿಲ್ಲ. "ಬಾಗಲಾಗ ನಿಂದ್ರಬ್ಯಾಡ್ರಿ, ಒಳಗ ಸರೀರಿ, ಒಳಗ ಜಾಗ ಐತಿ!" ಎಂದು ಕೂಗುತ್ತಾರೆ. ನೆಂಟರ ಮದುವೆಯಲ್ಲಿ ಊಟಕ್ಕೆ ಕೂತವರನ್ನು ಜರುಗಿಸಿ ಜರುಗಿಸಿ ಹತ್ತು ಎಲೆಯ ಸಾಲಿನಲ್ಲಿ ಹದಿನೈದು ಜನರನ್ನು ಕೂರಿಸಿದ್ದಾರೆ. ಪಕ್ಕದವರ ಪಾಯಸ ಯಾವುದು, ನಮ್ಮದು ಯಾವುದು ಎಂದು ತಿಳಿಯದೆ ಎರಡು ಮನೆತನಗಳ ನಡುವೆ ಮಾತು ನಿಂತದ್ದೂ ಉಂಟು. ನನ್ನ ಗಂಡ ಬೆಳಿಗ್ಗೆ ಆಫೀಸಿಗೆ ಹೊರಟು, ಮರೆತ ಕನ್ನಡಕಕ್ಕಾಗಿ ಹಿಂದಿರುಗಿದರೆ, "ಟೈಮ್ ಆಗೈತಿ, ಬಿಟ್ಟು ನಡೀರಿ!" ಎಂದು ಗೋಡೆಗೆ ಎರಡು ಸಲ ಬಡಿಯುತ್ತಾರೆ. ಆ ಸದ್ದಿಗೆ ನನ್ನ ಗಂಡನಂಥ ಗಂಡನೂ ಓಡುತ್ತಾನೆ!

ಇದನ್ನೆಲ್ಲ ನಾನು ಸಹಿಸಿದ್ದೇನೆ. ಮನೆಯ ಹಿರಿಯರಲ್ಲವೇ? ಆದರೆ ಹೋದ ಜನವರಿಯಲ್ಲಿ ನನ್ನ ಗೆಳತಿಗೆ, ಅದೂ ಪರದೇಶದ ಗೆಳತಿಗೆ, ಅದೂ ಅವಳು ಊರು ಬಿಡುವ ಕೊನೆಯ ದಿನ, ಅವರು ಮಾಡಿದ್ದನ್ನು ಹೇಗೆ ಸಹಿಸಲಿ? ನೀವೇ ಕೇಳಿ, ನೀವೇ ನ್ಯಾಯ ಹೇಳಿ.

ಗೆಳತಿ ಶ್ರೀಲಂಕಾದವಳು. ಅಲ್ಲಿ ಕ್ಯಾಂಡಿ ಎಂಬ ಊರಿನಲ್ಲಿ ಇತಿಹಾಸದ ಮೇಡಂ. ನಾನು ಇಲ್ಲಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ. ನಮ್ಮದು ಬೌದ್ಧ ಮನೆತನ, ಅವರದೂ ಅದೇ. ನಾಲ್ಕು ವರ್ಷದ ಹಿಂದೆ ಬೋಧಗಯೆಯಲ್ಲಿ ಅವಳ ಚಪ್ಪಲಿ ನಾನು ಮೆಟ್ಟಿಕೊಂಡು, ನನ್ನ ಚಪ್ಪಲಿ ಅವಳು ಮೆಟ್ಟಿಕೊಂಡು, ಅರ್ಧ ಊರು ದಾಟಿದ ಮೇಲೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಆದ ಪರಿಚಯ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ. ಇಬ್ಬರದೂ ಅಷ್ಟಕ್ಕಷ್ಟೇ, ಹಾಗಾಗಿ ಯಾರಿಗೂ ಸಂಕೋಚವಿಲ್ಲ. "ನಿಮ್ಮೂರಿನ ಹತ್ತಿರ ಮಸ್ಕಿಯಲ್ಲಿ ಅಶೋಕನ ಶಾಸನವಿದೆಯಂತಲ್ಲ, ಅದರಲ್ಲಿ ಅವನ ಹೆಸರೇ ಇದೆಯಂತಲ್ಲ, ನನ್ನ ಮಕ್ಕಳಿಗೆ ಹದಿನೆಂಟು ವರ್ಷದಿಂದ ಪಾಠ ಮಾಡಿದ್ದೇನೆ, ಒಮ್ಮೆ ಕಣ್ಣಿಂದ ನೋಡಬೇಕು" ಎಂದು ಮೊದಲ ದಿನದಿಂದ ಹೇಳುತ್ತಿದ್ದಳು. ಕೊನೆಗೂ ರಜೆ ಹೊಂದಿಸಿ, ಆರು ದಿನಕ್ಕೆಂದು ನಮ್ಮ ಮನೆಗೆ ಬಂದಳು.

ಬಂದ ದಿನವೇ ಕಾಕಾನನ್ನು ಪರಿಚಯ ಮಾಡಿಸಿದೆ. "ಇವರು ನಮ್ಮ ಕಾಕಾ." ಅವಳು ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ಏನೆಂದು ಕೇಳಿದರೆ, ಅವರ ಭಾಷೆಯಲ್ಲಿ ಕಾಕ್ಕಾ ಅಂದರೆ ಕಾಗೆಯಂತೆ! ಭಾಷಾಶಾಸ್ತ್ರ ಇಷ್ಟು ನಿಖರವಾದ ಶಾಸ್ತ್ರ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಐದು ದಿನ ನೆಂಟರು, ಶಾಲೆ, ದಢೇಸುಗೂರಿನ ಕಡೆಯ ಕಾಲುವೆ, ಭತ್ತದ ನಾಟಿ ಅಂತ ಕಳೆದವು. ಮಸ್ಕಿಯನ್ನು ಬೇಕೆಂದೇ ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆವು. ಹೋಳಿಗೆಯನ್ನು ಊಟದ ಕೊನೆಗೆ ಇಟ್ಟುಕೊಳ್ಳುತ್ತೇವಲ್ಲ, ಹಾಗೆ. ಬೆಳಿಗ್ಗೆ ಏಳಕ್ಕೆ ಕಾರು. ಎಂಟಕ್ಕೆ ಮಸ್ಕಿ. ನಿಧಾನವಾಗಿ ಶಾಸನ. ಆಮೇಲೆ ಮುದಗಲ್ ಕೋಟೆ. ಲಿಂಗಸುಗೂರಿನಲ್ಲಿ ಊಟ, ಒಂದು ಸೀರೆ. ಸಂಜೆ ಐದಕ್ಕೆ ಮನೆ. ಎಂಟಕ್ಕೆ ಅವಳ ಹೈದರಾಬಾದ್ ಬಸ್ಸು, ಅಲ್ಲಿಂದ ವಿಮಾನ. ಎಂಥ ಅಚ್ಚುಕಟ್ಟು! ನಾನು ಕಾಗದದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೆ. ಅದೇ ತಪ್ಪಾಯಿತು. ಕಾಕಾ ಓದಿಕೊಂಡರು.

ಏಳಕ್ಕೆ ಹೊರಗೆ ಬಂದು ನೋಡಿದರೆ ಕಾರಿಲ್ಲ! ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಕಾಕಾ ಕಟ್ಟೆಯ ಮೇಲೆ ಕೂತಿದ್ದಾರೆ.

"ಕಾಕಾ, ಕಾರ್ ಬಂದಿಲ್ಲೇನ್ರಿ?"

"ಬಂದಿತ್ತು. ವಾಪಸ್ ಕಳಿಸೀನಿ."

"ಯಾಕ್ರಿ?"

"ಕಾರಿನಾಗ ಏನ್ ಕಾಣಸ್ತೈತಬೇ? ನೆಲಕ್ಕ ಹತ್ತಿ ಕುಂತಿರ್ತೀವಿ. ಬಸ್ಸಿನಾಗ ಕುಂತ್ರ ಹೊಲ ಕಾಣ್ತಾವ, ಹೊಲದಾಗಿನ ಮಂದಿ ಕಾಣ್ತಾರ. ಅಷ್ಟ ದೂರದಿಂದ ಬಂದಾಳ, ಆಕಿಗೆ ಮುಂದಿನ ಗಾಡಿ ಡಿಕ್ಕಿ ತೋರಸ್ತೀಯೇನು? ಎಂಟು ಇಪ್ಪತ್ತರ ಬಸ್ ಐತಿ. ನಾ ಇರ್ತೀನಿ, ನಡೀರಿ."

ನಾನು ಕಾರಿನವನಿಗೆ ಫೋನು ಮಾಡಿದೆ. ಅವನಾಗಲೇ ಯಾರದೋ ಮದುವೆ ಬಾಡಿಗೆ ಹಿಡಿದು ಗಂಗಾವತಿ ದಾರಿಯಲ್ಲಿದ್ದ. ಗೆಳತಿಯ ಮುಖ ನೋಡಿದೆ. ಅವಳು ಖುಷಿಯಾಗಿಬಿಟ್ಟಿದ್ದಾಳೆ! "ಬಸ್ಸಾ? ಬಹಳ ಒಳ್ಳೆಯದಾಯಿತು" ಎನ್ನುತ್ತಾಳೆ! ನನ್ನ ಪರ ವಕಾಲತ್ತು ಮಾಡಬೇಕಾದವಳೇ ಎದುರು ಪಾರ್ಟಿಗೆ ಸೇರಿಕೊಂಡರೆ ನಾನೇನು ಮಾಡಲಿ?

ಪ್ರವಾಸ ಸಿಂಧನೂರು ಬಸ್‌ಸ್ಟ್ಯಾಂಡಿನಿಂದ ಶುರುವಾಯಿತು. ಶುರುವಾಯಿತು ಅಂದರೆ ಅಲ್ಲಿ ಬಸ್ಸು ಹತ್ತಿದೆವು ಎಂದು ತಿಳಿಯಬೇಡಿ. ಬಸ್‌ಸ್ಟ್ಯಾಂಡೇ ನಮ್ಮ ಮೊದಲ ಪ್ರೇಕ್ಷಣೀಯ ಸ್ಥಳ! ಕಾಕಾ ತೋರಿಸುತ್ತ ಹೋದರು: ಇದು ಒಂದನೇ ಪ್ಲಾಟ್‌ಫಾರಂ, ಇಲ್ಲಿ ರಾಯಚೂರು ಗಾಡಿ ನಿಲ್ಲುತ್ತವೆ. ಇದು ಕಂಡಕ್ಟರುಗಳು ಮಲಗುವ ಕೋಣೆ, ಈ ಮೂಲೆಯಲ್ಲಿ ನಾನು ಮಲಗುತ್ತಿದ್ದೆ. ಇದು ಪೇಪರ್ ಮಾರುವವನ ಜಾಗ, ಈಗ ಅವನಿಲ್ಲ. ಗೆಳತಿ ಕೈಚೀಲದಿಂದ ಒಂದು ನೋಟುಪುಸ್ತಕ ತೆಗೆದು ಬರೆದುಕೊಳ್ಳತೊಡಗಿದಳು. ಬರೆದುಕೊಳ್ಳುವವಳನ್ನು ಕಂಡ ಮೇಲೆ ಕಾಕಾನನ್ನು ಹಿಡಿಯುವವರುಂಟೇ? ಕುಡಿಯುವ ನೀರಿನ ನಲ್ಲಿಗೂ ಒಂದು ಚರಿತ್ರೆ ಬಂತು!

ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳುವವಳು ನಾನು. ಎಂ.ಎ. ಮಾಡಿದ್ದು ಇದಕ್ಕಾ?

ಕಾಕಾ ಚಹಾ ಕುಡಿಸಿದರು. ಗೆಳತಿ ಕೈಮುಗಿದು ಅವರ ಭಾಷೆಯಲ್ಲಿ "ಸ್ತೂತಿ" ಎಂದಳು. ಅವರಲ್ಲಿ ಅದು ಥ್ಯಾಂಕ್ಸು. ಕಾಕಾನ ಎದೆ ಉಬ್ಬಿತು. "ನೋಡಬೇ! ಒಂದು ಕಪ್ ಚಾಕ್ಕ ನನ್ನ ಸ್ತುತಿ ಮಾಡಾಕತ್ತಾಳ. ನೀ ಹುಟ್ಟಿದಾಗಿಂದ ಕುಡಿಸೀನಿ, ಒಂದಿನ ಮಾಡೀಯೇನು?"

ಬಸ್ಸು ಹತ್ತಿ ಕೂತೆವು. ಕಂಡಕ್ಟರ್ ಹೊಸ ಹುಡುಗ, ಕಾಕಾನ ಗುರುತಿನವನೇ. ನಾನು ಆಧಾರ್ ಕಾರ್ಡ್ ತೋರಿಸಿದೆ. ನಮ್ಮ ರಾಜ್ಯದ ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ. ಕಾಕಾನಿಗೆ ನಿವೃತ್ತರ ಪಾಸು ಇದೆ. ಉಳಿದವಳು ಗೆಳತಿ. ಆ ಹುಡುಗ ದೊಡ್ಡ ಮನಸ್ಸಿನವನು. "ಇರ್ಲಿ ಬಿಡ್ರಿ, ಗೆಸ್ಟ್ ಅದಾರ, ನಾ ತಗೋತೀನಿ" ಎಂದು ತನ್ನ ಜೇಬಿಗೆ ಕೈ ಹಾಕಿದ.

ಕಾಕಾ ಎದ್ದು ನಿಂತರು!

"ಏನಂದಿ? ಹಂಗಂದ್ರೇನಲೇ? ಪ್ಯಾಸೆಂಜರ್ ಟಿಕೇಟ್ ಕಂಡಕ್ಟರ್ ತಗೋತಾನೇನು? ಯಾವ ಕಾಯ್ದೆದಾಗ ಐತಿ? ಆಕಿ ಟಿಕೇಟ್ ಆಕೀನ ತಗೋಬೇಕು. ಕೊಡು, ಮಷೀನ್ ಒತ್ತು!"

"ಕಾಕಾ, ನಾ ಕೊಡ್ತೀನ್ರಿ" ಎಂದೆ ನಾನು, ನಾಚಿಕೆಯಿಂದ ಸಾಯುತ್ತ.

"ನೀ ಸುಮ್ನ ಕುಂದ್ರು. ಚೆಕಿಂಗ್ ಬಂದ್ರ ಯಾರ್ನ ಕೇಳ್ತಾರ? ಮತ್ತ ಆ ಚೀಲ ಎಷ್ಟ್ ತೂಕ ಐತಿ? ಲಗೇಜ್ ಆಕ್ಕೈತೇನು ನೋಡು."

ಚೀಲದಲ್ಲಿದ್ದದ್ದು ಒಂದು ನೀರಿನ ಬಾಟಲಿ, ಒಂದು ಛತ್ರಿ! ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು. ಮೂರು ಜನರಲ್ಲಿ ಮನೆಯವರಿಬ್ಬರೂ ಪುಕ್ಕಟೆ, ಸಮುದ್ರ ದಾಟಿ ಬಂದ ಅತಿಥಿಗೆ ಮಾತ್ರ ಟಿಕೇಟು! ಅತಿಥಿ ಸತ್ಕಾರದ ಬಗ್ಗೆ ನಾನು ಎಂಟನೇ ತರಗತಿಗೆ ಮಾಡುವ ಪಾಠವನ್ನು ನೆನೆದು ಕಿಟಕಿಯ ಕಡೆ ತಿರುಗಿಕೊಂಡೆ. ಗೆಳತಿಯೋ, ಆ ಟಿಕೇಟನ್ನು ಎರಡೂ ಕೈಯಿಂದ ಇಸಿದುಕೊಂಡು ನೋಟುಪುಸ್ತಕದಲ್ಲಿ ಇಟ್ಟುಕೊಂಡಳು.

ಬಸ್ಸು ಸಿಂಧನೂರು ಬಿಟ್ಟಿತು. ಆಗಷ್ಟೇ ನಾಟಿಯಾದ ಗದ್ದೆಗಳಲ್ಲಿ ನೀರು ಹೊಳೆಯುತ್ತಿತ್ತು, ಬೆಳ್ಳಕ್ಕಿಗಳು ನಿಂತಿದ್ದವು. ಇದನ್ನಾದರೂ ಸುಮ್ಮನೆ ನೋಡಲು ಬಿಡಬಾರದೇ? ಇಲ್ಲ. ಪ್ರತಿ ಸ್ಟಾಪಿಗೂ ಒಂದು ಪುರಾಣ. ಈ ಬೇವಿನ ಗಿಡದ ಹತ್ತಿರ ಒಬ್ಬಾಕೆ ಬಸ್ಸಿನಲ್ಲೇ ಹೆತ್ತಳು, ಆ ಮಗು ಈಗ ಪೋಲೀಸು. ಈ ಕ್ರಾಸಿನಲ್ಲಿ ಒಬ್ಬ ಮೇಕೆಯನ್ನು ಕಂಬಳಿಯಲ್ಲಿ ಸುತ್ತಿ, ತನ್ನ ಅತ್ತೆ, ಜ್ವರ ಬಂದಿದೆ ಎಂದು ಹೇಳಿ ಹತ್ತಿಸಿದ.

"ಆಮ್ಯಾಲ?" ಎಂದೆ, ತಡೆಯಲಾರದೆ.

"ಆಮ್ಯಾಲೇನು? ಅತ್ತಿಗೂ ಟಿಕೇಟ್ ಕೊಟ್ಟೆ. ಫುಲ್ ಟಿಕೇಟ್!"

ಈ ಮಾತನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ನೀವೇ ಪ್ರಯತ್ನಿಸಿ ನೋಡಿ. ಕೊನೆಗೆ ಗೆಳತಿ ಏನು ಅರ್ಥ ಮಾಡಿಕೊಂಡಳೋ, ನಮ್ಮಲ್ಲಿ ಮೇಕೆಗಳಿಗೆ ಮನುಷ್ಯರ ದರದಲ್ಲೇ ಟಿಕೇಟು ಎಂದು ಬರೆದುಕೊಂಡಳು. ಕ್ಯಾಂಡಿಯ ಮಕ್ಕಳು ಈಗ ನಮ್ಮ ನಾಡಿನ ಬಗ್ಗೆ ಏನೇನು ಓದುತ್ತಿವೆಯೋ!

ನೀರಾವರಿ ಮುಗಿದು ಎರೆಹೊಲ ಶುರುವಾಯಿತು. ಜೋಳ, ತೊಗರಿ, ದೂರದಲ್ಲಿ ಗುಡ್ಡ. ಮಸ್ಕಿ! ನಾನು ಎದ್ದೆ, ಗೆಳತಿಯೂ ಎದ್ದಳು. ಕಾಕಾ ಏಳಲಿಲ್ಲ.

"ಕಾಕಾ, ಮಸ್ಕಿ ಬಂತು, ಇಳೀರಿ."

"ಈಗ ಬ್ಯಾಡಬೇ. ಬಿಸಿಲೈತಿ. ಬರ್ತ ನೋಡಾಣಂತ."

ಜನವರಿ ತಿಂಗಳು, ಬೆಳಗಿನ ಒಂಬತ್ತೂ ಕಾಲು. ನಾನು ಸ್ವೆಟರ್ ಹಾಕಿಕೊಂಡಿದ್ದೇನೆ! "ಎಲ್ಲೈತ್ರಿ ಬಿಸಿಲು?" ಎಂದು ನಾನು ಕೇಳುವಷ್ಟರಲ್ಲಿ ಕಾಕಾ ಪಕ್ಕದ ಕಂಬಿಗೆ ಎರಡು ಸಲ ಬಡಿದರು. ಡ್ರೈವರ್ ಯಾವ ಕಾಲದ ಅಭ್ಯಾಸವೋ, ಗಾಡಿ ಎಳೆದೇಬಿಟ್ಟ. ಗೆಳತಿ ಹದಿನೆಂಟು ವರ್ಷ ಪಾಠ ಮಾಡಿದ ಗುಡ್ಡ ಹಿಂದಿನ ಗಾಜಿನಲ್ಲಿ ಸಣ್ಣದಾಗುತ್ತ ಹೋಯಿತು. ಅವಳು ಕುತ್ತಿಗೆ ತಿರುಗಿಸಿ ನೋಡುತ್ತಲೇ ಇದ್ದಳು.

ಲಿಂಗಸುಗೂರು ಬಸ್‌ಸ್ಟ್ಯಾಂಡು. ಎರಡನೆಯ ಪ್ರೇಕ್ಷಣೀಯ ಸ್ಥಳ. ಪ್ಲಾಟ್‌ಫಾರಂ, ನಲ್ಲಿ, ಚಹಾ, ಸ್ತುತಿ. ಎಲ್ಲ ಆಯಿತು. ಈಗ ಮುದಗಲ್ಲಿಗೆ ಹೋಗೋಣವೇ ಎಂದೆ. "ಕೋಟಿ ಎಲ್ಲಿ ಓಡಿ ಹೋಗ್ತೈತಿ? ಮೊದಲ ನಮ್ಮ ಡ್ರೈವರ್ ಮನೀಗೆ ಹೋಗ್ಬೇಕು. ದಾರಿ ಕಾಯಾಕತ್ತಾನ."

ಈ ಡ್ರೈವರು ಕಾಕಾನ ಜೊತೆ ಹದಿನಾಲ್ಕು ವರ್ಷ ಒಂದೇ ಗಾಡಿ ಓಡಿಸಿದವರು. ಲಿಂಗಸುಗೂರಿನಲ್ಲಿ ಮನೆ ಕಟ್ಟಿಕೊಂಡು ಆರಾಮಾಗಿದ್ದಾರೆ. ಇಬ್ಬರೂ ಹದಿನಾಲ್ಕು ವರ್ಷ ಬೆಲ್ಲಿನಲ್ಲೇ ಮಾತಾಡಿದ್ದರಿಂದಲೋ ಏನೋ, ಎದುರುಬದುರು ಕೂತರೆ ಬಾಯಿ ಮುಚ್ಚುವುದಿಲ್ಲ. ಅಂದು ಜಗಳ ಹತ್ತಿದ್ದು ಯಾವುದೋ ಕಾಲದ ಒಂದು ಪಂಕ್ಚರಿಗೆ. ಗಾಡಿ ಅಂದು ತಡವಾದದ್ದು ಚಕ್ರದಿಂದಲೋ, ಕಾಕಾ ಕೆಳಗಿಳಿದು ಕಲ್ಲಂಗಡಿ ಕೊಳ್ಳುತ್ತಿದ್ದುದರಿಂದಲೋ?

"ಅಕ್ಕೋರೆ, ನೀವ ಹೇಳ್ರಿ" ಎಂದು ಡ್ರೈವರು ನನ್ನ ಗೆಳತಿಯ ಕಡೆ ತಿರುಗಿದರು, ಅಪ್ಪಟ ಕನ್ನಡದಲ್ಲಿ. "ಈತ ಎಂದರ ತಪ್ಪ ಒಪ್ಪ್ಯಾನೇನ್ರಿ?"

ಗೆಳತಿ ಗಂಭೀರವಾಗಿ ತಲೆಯಾಡಿಸಿದಳು. ಅವರ ದೇಶದಲ್ಲಿ ಹಾಗೆ ತಲೆಯಾಡಿಸಿದರೆ ಹೌದೋ, ಅಲ್ಲವೋ? ಯಾರಿಗೆ ಗೊತ್ತು! ಇಬ್ಬರೂ ತಾವೇ ಗೆದ್ದೆವೆಂದು ತಿಳಿದು ಊಟಕ್ಕೆದ್ದರು.

ಊಟ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಗೆಳತಿ ಅಡುಗೆಮನೆಗೇ ಹೋಗಿ ಡ್ರೈವರರ ಹೆಂಡತಿಯ ಪಕ್ಕ ಕೂತು ರೊಟ್ಟಿ ಬಡಿಯಲು ಕಲಿತಳು. ಅವಳ ರೊಟ್ಟಿ ಶ್ರೀಲಂಕಾದ ಆಕಾರದಲ್ಲೇ ಬಂತು! ಎಲ್ಲರೂ ನಕ್ಕೆವು. ಸರಿ, ಇನ್ನಾದರೂ ಹೊರಡೋಣವೆಂದು ನೋಡಿದರೆ ಕಾಕಾ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಮುಖದ ಮೇಲೆ ಟವೆಲ್ ಹೊದ್ದು ಮಲಗಿದ್ದಾರೆ!

ಎಬ್ಬಿಸಿದೆ. "ಹತ್ತು ನಿಮಿಷ" ಎಂದರು. ಮತ್ತೆ ಎಬ್ಬಿಸಿದೆ. "ಗಾಡಿ ಮೂರೂವರಿಗೆ ಐತಿ. ಈಗ ಎದ್ದು ಏನ್ ಮಾಡ್ಲಿ, ನೂಕ್ಲೇನು?" ಎಂದರು. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಬಂದವಳ ಕೊನೆಯ ದಿನದ ಎರಡು ಗಂಟೆ ನಮ್ಮ ಕಾಕಾನ ಗೊರಕೆಗೆ ಅರ್ಪಿತವಾಯಿತು. ಮುದಗಲ್ ಕೋಟೆ ಹೋಯಿತು. ಸೀರೆ ಹೋಯಿತು. ನಾನು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತ ಹೇಳಬೇಕಾದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡೆ.

ಮೂರೂವರೆಯ ಗಾಡಿ ನಾಲ್ಕಕ್ಕೆ ಬಂತು. ಐದಕ್ಕೆ ಹತ್ತು ನಿಮಿಷವಿರುವಾಗ ಮಸ್ಕಿ. ಈ ಸಲ ನಾನು ಕಂಬಿಯ ಹತ್ತಿರ ಯಾರೂ ಕೈ ಒಯ್ಯದ ಹಾಗೆ ಅಡ್ಡ ನಿಂತು, ಇಬ್ಬರನ್ನೂ ಇಳಿಸಿದೆ. ಇಳಿದದ್ದೇ ಕಾಕಾ, "ಜರಾ ಚಾ ಕುಡ್ಯಾಣು" ಎಂದರು. ಕುಡಿದೆವು. "ಇಲ್ಲಿ ಮಿರ್ಚಿ ಭಜಿ ಭಾರಿ ಮಾಡ್ತಾರ" ಎಂದರು. ತಿಂದೆವು. ಮಸ್ಕಿ ಬಸ್‌ಸ್ಟ್ಯಾಂಡಿನ ಪ್ಲಾಟ್‌ಫಾರಂ ತೋರಿಸಿದರು. ನೋಡಿದೆವು. ಅಷ್ಟರಲ್ಲಿ ಸಿಂಧನೂರಿನ ಬಸ್ಸು ಬಂದು ನಿಂತಿತು. ಕಾಕಾ ಗಡಿಯಾರ ನೋಡಿಕೊಂಡು, ನಮ್ಮ ಮುಖ ನೋಡದೆ, ಮೆಲ್ಲಗೆ ಹೇಳಿದರು: "ಹೊತ್ತಾತಬೇ. ಆ ಕಲ್ಲು ಮುಂದಿನ ಸಲ ಬಂದಾಗ ನೋಡಿದ್ರಾತು. ಏರ್ರಿ, ಸೀಟ್ ಖಾಲಿ ಅದಾವ."

ಮುಂದಿನ ಸಲ! ಶ್ರೀಲಂಕಾದಿಂದ!

ನಾನು ಕಾಕಾನಿಗೆ ಹುಟ್ಟಿದಾಗಿನಿಂದ 'ರೀ' ಹಚ್ಚಿಯೇ ಮಾತಾಡಿದವಳು. ಅಂದು ಮಸ್ಕಿ ಬಸ್‌ಸ್ಟ್ಯಾಂಡಿನ ನಟ್ಟನಡುವೆ, ಭಜಿ ತಿನ್ನುತ್ತಿದ್ದ ಇಪ್ಪತ್ತು ಜನರ ಎದುರು, ಆ 'ರೀ' ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ನಿನಗ ಏನಾಗೈತಿ ಕಾಕಾ? ಆಕಿ ಬಂದಿದ್ದ ಆ ಕಲ್ಲು ನೋಡಾಕ! ಮುಂಜಾನಿಂದ ಏನ್ ತೋರಿಸೀದಿ ಆಕಿಗೆ? ಮೂರು ಬಸ್‌ಸ್ಟ್ಯಾಂಡ್ ತೋರಿಸೀದಿ! ಮೂರೂ ಒಂದ ನಮೂನಿ ಅದಾವ! ಕಾರ್ ಕಳಿಸೀದಿ, ಮುದಗಲ್ ಕೆಡಿಸೀದಿ, ಮಕ್ಕೊಂಡು ಗೊರಕಿ ಹೊಡದೀದಿ. ಈಗ ಇಲ್ಲಿಗೆ ಬಂದು ಏರ್ರಿ ಅಂತೀಯಲ್ಲ? ನೀ ಬೇಕಾದ್ರ ಹೋಗು. ನಾವ್ ಗುಡ್ಡಕ್ಕ ಹೊಂಟೀವಿ!"

ಮೂವತ್ತೊಂದು ವರ್ಷ ಬಸ್ಸು ತುಂಬ ಜನರನ್ನು ಬಾಯಲ್ಲೇ ಆಳಿದ ಕಾಕಾ ತಲೆ ತಗ್ಗಿಸಿ ನಿಂತರು. ನಾನು ಗೆಳತಿಯ ಕೈ ಹಿಡಿದು ಆಟೋ ಹತ್ತಿದೆ. ಆಟೋ ಹೊರಡುವಾಗ ಅವರೂ ಬಂದು ಮುಂದೆ, ಆಟೋದವನ ಪಕ್ಕ, ಅರ್ಧ ಸೀಟಿನಲ್ಲಿ ಕೂತರು.

ಗುಡ್ಡದ ಹತ್ತಿರ ಕಾವಲುಗಾರ ಬೀಗ ಕೈಯಲ್ಲಿ ಹಿಡಿದು ನಿಂತಿದ್ದ. "ಬಂದ್ ಮಾಡೋ ಟೈಮಾತ್ರಿ" ಎಂದ. ಗೆಳತಿ ಎಲ್ಲಿಂದ ಬಂದವಳು ಎಂದು ಹೇಳಿದೆ. ಅವಳ ಮುಖ ನೋಡಿ, "ಹೋಗ್ರಿ, ಹದಿನೈದು ನಿಮಿಷ. ಜಲ್ದಿ ಬರ್ರಿ" ಎಂದ. ನಾವು ಹತ್ತತೊಡಗಿದೆವು. ತಿರುಗಿ ನೋಡಿದರೆ ಕಾಕಾ ಕೆಳಗೇ ನಿಂತಿದ್ದಾರೆ.

"ಬರೂದಿಲ್ಲೇನು?"

"ನೀವ್ ನೋಡ್ಕೊಂಡು ಬರ್ರಿ. ನನ್ನ ಮೊಣಕಾಲು ಹಿಡದಾವ."

ಇಡೀ ದಿನ ಬಸ್ಸಿನ ಮೆಟ್ಟಿಲನ್ನು ಹುಡುಗನ ಹಾಗೆ ಹತ್ತಿ ಇಳಿದ ಮೊಣಕಾಲು! ನಾನು ಬಾಯಿ ತೆರೆಯುವ ಮೊದಲೇ ಗೆಳತಿ ಸರಸರನೆ ಇಳಿದು ಹೋದಳು. ತನ್ನ ಊರಿನ ಹಿರಿಯರನ್ನು ಕರೆದೊಯ್ಯುವ ಹಾಗೆ ಕಾಕಾನ ಕೈ ಹಿಡಿದುಕೊಂಡು ಮೇಲೆ ಕರೆತಂದಳು.

ಬಂಡೆಯ ಮುಂದೆ ಕಬ್ಬಿಣದ ಜಾಲರಿ. ಸಂಜೆಯ ಬಿಸಿಲು ಓರೆಯಾಗಿ ಬಿದ್ದು ಅಕ್ಷರಗಳು ಎದ್ದು ಕಾಣುತ್ತಿದ್ದವು. ಗೆಳತಿ ಚಪ್ಪಲಿ ಬಿಟ್ಟು, ಮಂಡಿಯೂರಿ, ಕೈಮುಗಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಜಾಲರಿಯ ಈಚೆಯಿಂದಲೇ ಗಾಳಿಯಲ್ಲಿ ಬೆರಳಾಡಿಸುತ್ತ ಒಂದೊಂದೇ ಅಕ್ಷರ ಓದತೊಡಗಿದಳು. ಕಾಕಾ ಅವಳ ಬೆರಳನ್ನೇ ನೋಡುತ್ತಿದ್ದರು. ನಂತರ ನನ್ನ ಹತ್ತಿರ ಸರಿದು, ಕೆಳಗಿದ್ದ ಕಾವಲುಗಾರನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಏನ್ ಬರದಾನಬೇ ಅಲ್ಲಿ?"

ನಾನು ಅವರನ್ನೇ ನೋಡಿದೆ. "ನೀವು ನೋಡಿಲ್ಲೇನ್ರಿ ಇದನ್ನ?"

"ಎಲ್ಲಿ ನೋಡ್ಲಿ? ದಿನಾ ನಾಕ ಸಲ ಹಾಯ್ದೀನಿ. ಐದ್ ನಿಮಿಷ ಸ್ಟಾಪು. ಡೂಟಿ ಮ್ಯಾಲಿದ್ದೆ." ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಮಂದಿ ಕೇಳ್ತಿದ್ರು. ಕಾಲೇಜ್ ಹುಡುಗ್ರು, ದೊಡ್ಡ ಕ್ಯಾಮೆರಾದವ್ರು. ಕಂಡಕ್ಟರ್ರೇ, ಆ ಕಲ್ಲಿನಾಗ ಏನ್ ಐತ್ರಿ ಅಂತ. ಗೊತ್ತಿಲ್ಲ ಅನ್ನಾಕ ಬಾಯಿ ಬರ್ಲಿಲ್ಲ. ಬಾಯಿಗೆ ಬಂದಿದ್ದ ಹೇಳೀನಿ. ಒಬ್ರಿಗೆ ಬಂಗಾರ ಎಲ್ಲಿ ಹುಗದಾನ ಅಂತ ಬರದಾನ ಅಂದೆ. ಒಬ್ರಿಗೆ ಲಿಂಗಸುಗೂರು ಎಷ್ಟು ದೂರ ಅಂತ ಬರದಾನ ಅಂದೆ. ರಿಟೈರ್ ಆದ್ಮ್ಯಾಲ ಬಂದು ನೋಡಾಣು ಅಂದ್ರ, ಇಷ್ಟ ವರ್ಷ ಹೇಳಿದಾತ ಈಗ ನೋಡಾಕ ಬಂದಾನ ಅಂತ ನಗ್ತಾರ. ಈಗ ಈಕಿ ಬಂದ್ಲು. ಎಲ್ಲಾ ಬರಕೊಳ್ಳಾಕಿ. ಈಕಿ ಕೇಳಿದ್ರ ಏನ್ ಹೇಳ್ಲೆಬೇ ನಾ? ಅದಕ್ಕ ಮುಂಜಾನಿಂದ..."

ನಾನು ಅಂಗಳದಲ್ಲಿ ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ.

ಯಾರ ಮೇಲೆ ಸಿಟ್ಟು ಮಾಡಲಿ ಹೇಳಿ? ನಾನು ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಇಲ್ಲಿಗೆ ಕರೆತಂದು, ಇದೇ ಜಾಲರಿಯ ಮುಂದೆ ನಿಂತು ಅರ್ಧ ಗಂಟೆ ವಿವರಿಸಿ ಹೋಗುತ್ತೇನೆ. ಮನೆಗೆ ಹೋದ ಮೇಲೆ ಕಾಕಾ "ಹುಡುಗ್ರನ್ನ ಎಣಿಸಿದಿಯಿಲ್ಲ, ಎಲ್ಲಾರೂ ಬಂದಾರಿಲ್ಲ?" ಎಂದು ಕೇಳುತ್ತಾರೆ. ನಾನು ಹೂಂ ಎಂದು ಒಳಗೆ ಹೋಗುತ್ತೇನೆ. ಒಂದೇ ಒಂದು ಸಲ, ಬರುತ್ತೀರಾ ಕಾಕಾ ಎಂದು ಕೇಳಿದ್ದೇನೆಯೇ?

ಗೆಳತಿಗೆ ಹೇಳಿದೆ, ಕಾಕಾನಿಗೆ ಇದರಲ್ಲಿ ಏನಿದೆ ತಿಳಿಯಬೇಕಂತೆ. ಅವಳು ಎದ್ದು ಕಾಕಾನ ಮುಂದೆ ನಿಂತಳು. ತರಗತಿಯಲ್ಲಿ ಹೇಳುವ ಹಾಗೆ ಅವಸರವಿಲ್ಲದೆ ಹೇಳಿದಳು. ನಾನು ಕನ್ನಡ ಮಾಡಿದೆ.

"ಒಳ್ಳೇದು ಮಾಡೋದು, ಮ್ಯಾಲಕ್ಕ ಏರೋದು ಬರೇ ದೊಡ್ಡ ಮಂದಿ ಕೈಲೆ ಆಗೂವಂಥದ್ದು ಅಂತ ತಿಳೀಬ್ಯಾಡ್ರಿ ಅಂತ ಬರಿಸ್ಯಾನಂತ ಕಾಕಾ. ಸಣ್ಣ ಮಂದಿಗೂ ಆಗ್ತೈತಿ ಅಂತ. ಇದನ್ನ ದೊಡ್ಡವ್ರಿಗೂ ಹೇಳ್ರಿ, ಸಣ್ಣವ್ರಿಗೂ ಹೇಳ್ರಿ ಅಂತ."

"ಸಣ್ಣ ಮಂದಿ ಅಂತ ಬರಿಸ್ಯಾನ?"

"ಹೂಂ."

"ರಾಜಾ ಬರಿಸ್ಯಾನ? ಕಲ್ಲಿನಾಗ? ಖರೇನು?"

"ಖರೇ ಕಾಕಾ."

ಅವರು ಜಾಲರಿ ಹಿಡಿದುಕೊಂಡು ಬಹಳ ಹೊತ್ತು ಆ ಬಂಡೆಯನ್ನು ನೋಡಿದರು. ಆಮೇಲೆ ಬಂಡೆಗೇ ಹೇಳುವ ಹಾಗೆ ಹೇಳಿದರು:

"ನಾ ಹೊಸದಾಗಿ ಡೂಟಿಗೆ ಬಂದಾಗ, ನಾವ್ ಯಾರು ಅನ್ನೋದು ಗೊತ್ತಿದ್ದ ಮಂದಿ ಟಿಕೇಟ್ ರೊಕ್ಕ ನನ್ನ ಕೈಯಾಗ ಇಡ್ತಿದ್ದಿಲ್ಲ. ಸೀಟಿನ ಮ್ಯಾಲ ಇಡ್ತಿದ್ರು. ನಾ ಆರಿಸ್ಕೊಂಡು ಟಿಕೇಟ್ ಹರದು ಅಲ್ಲೇ ಇಡ್ತಿದ್ದೆ. ಎರಡ್ ವರ್ಷ ಹಿಂಗ ನಡೀತು. ಇದ ಗಾಡಿ, ಇದ ಗುಡ್ಡದ ಮುಂದ. ಆವಾಗ ಇದು ಗೊತ್ತಿದ್ರ, ಮಸ್ಕಿ ಬಂದಾಗೆಲ್ಲ ಒದರಿ ಹೇಳ್ತಿದ್ನಲ್ಲಬೇ" ಎಂದರು.

ಈ ಮಾತನ್ನು ಅವರು ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಆಡಿರಲಿಲ್ಲ. ನಾನೂ ಅವರ ಪಕ್ಕಕ್ಕೆ ಹೋಗಿ ಜಾಲರಿ ಹಿಡಿದುಕೊಂಡೆ.

ಕಾವಲುಗಾರ ಕೆಳಗಿನಿಂದ ಕೂಗಿದ. ಇಳಿದು, ಬಸ್‌ಸ್ಟ್ಯಾಂಡಿಗೆ ಬಂದು, ಸಿಂಧನೂರಿನ ಗಾಡಿ ಹತ್ತಿದೆವು. ಗಾಡಿ ಕಿಕ್ಕಿರಿದಿತ್ತು. ಯಾರೋ ಎದ್ದು ನಮ್ಮಿಬ್ಬರಿಗೆ ಜಾಗ ಕೊಟ್ಟರು. ಕಾಕಾ ಎರಡು ಸೀಟು ಮುಂದೆ ಕಂಬಿ ಹಿಡಿದು ನಿಂತರು. ಅವರ ಪಕ್ಕದ ಸೀಟಿನಲ್ಲಿ ದೊಡ್ಡ ರುಮಾಲು ಸುತ್ತಿದ ರೈತರೊಬ್ಬರು ಮೊಣಕಾಲ ಮೇಲೆ ಬೀಜದ ಚೀಲ ಇಟ್ಟುಕೊಂಡು ಕೂತಿದ್ದರು. ಊರು ದಾಟಿದ ಮೇಲೆ ಕಾಕಾ ಅವರ ಕಡೆ ಬಾಗಿದರು.

"ಅಲ್ರೀ, ಮಸ್ಕಿ ಗುಡ್ಡದ ಕಲ್ಲಿನಾಗ ಏನ್ ಬರಿಸ್ಯಾನ, ನಿಮಗ ಗೊತ್ತೈತೇನ್ರಿ?"

"ಇಲ್ಲ್ರೀಪಾ. ಏನ್ ಬರಿಸ್ಯಾನ್ರಿ?"

ಕಾಕಾ ಹೇಳಿದರು. ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಹೇಳಿದರು. ಹಿಂದಿನ ಸೀಟಿನವರೂ ತಿರುಗಿ ಕೇಳಿಸಿಕೊಂಡರು. ರೈತರು ನಂಬಲೋ ಬೇಡವೋ ಎಂಬಂತೆ ಕೇಳಿದರು: "ಹಂಗಂತ ನಿಮಗ ಯಾರ್ ಹೇಳ್ಯಾರ್ರಿ?"

"ಯಾರ್ ಯಾಕ್ ಹೇಳ್ಬೇಕ್ರಿ?" ಎಂದರು ನಮ್ಮ ಕಾಕಾ. "ನಾನ ಈಗ ನೋಡ್ಕೊಂಡು ಬಂದೀನಿ."